ಅತ್ತೆಯ ತಟ್ಟಿಯ ಅಳತೆಗೊಂದು ಹೊಗೆಪೆಟ್ಟಿಗೆ

ಬಾಯಿ ಜೋರಿನ, ಮನಸ್ಸು ಮೆದುವಿನ ನನ್ನ ಅತ್ತೆಗೆ,

ನಿಮ್ಮ ಅಳಿಯ ಬರೆಯುತ್ತಿದ್ದೇನೆ. ಯಾವ ಅಳಿಯ ಅಂತ ಕೇಳಬೇಡಿ, ಇರುವವನು ಒಬ್ಬನೇ. ತೆಗೆಯಲು ಬಾರದ ಗೇಟು ಮಾಡಿದವನು. ನಿಮಗೆ ಓದಲು ಬರುತ್ತಿರಲಿಲ್ಲ, ಗೊತ್ತು. ಆದರೆ ನೀವು ಹೋದಲ್ಲೆಲ್ಲ ಗುರುತು ಪರಿಚಯ ಮಾಡಿಕೊಳ್ಳುವವರು, ಅಲ್ಲಿಯೂ ಓದಿ ಹೇಳುವವರು ಯಾರಾದರೂ ಸಿಕ್ಕೇ ಇರುತ್ತಾರೆ. ನೀವು ಹೋಗಿ ವರ್ಷ ತುಂಬಿ ಮೊನ್ನೆ ನಿಮ್ಮ ವರ್ಷಾಂತ ಆಯಿತು. ನಿಮಗೆ ಹೇಳಲೇಬೇಕಾದ ಒಂದು ಸುದ್ದಿ ಇದೆ. ನೇರ ಹೇಳಿದರೆ ನಿಮಗೆ ರುಚಿಸುವುದಿಲ್ಲ. ಬುಟ್ಟಿ ಇಳಿಸಿ ಮೀನಿನ ರೇಟು ಹೇಳುವ ಮೊದಲು ಇಡೀ ಸಮುದ್ರದ ಕಥೆ ಹೇಳುತ್ತಿದ್ದವರಲ್ಲವೇ ನೀವು? ಹಾಗಾಗಿ ನಾನೂ ಮೊದಲಿನಿಂದಲೇ ಶುರುಮಾಡುತ್ತೇನೆ.

ಮಾವ ಹೋದ ಮೇಲೆ ನೀವು ಹೊನ್ನಾವರದ ಮನೆ ಬಿಟ್ಟು ಶಿರಾಲಿಯ ನಮ್ಮ ಮನೆಗೆ ಬಂದ ದಿನ ನೆನಪಿದೆ. ರಿಕ್ಷಾದಿಂದ ಇಳಿದದ್ದು ಒಂದು ಟ್ರಂಕು, ಒಂದು ಮೀನಿನ ಬುಟ್ಟಿ, ಹೊಗೆ ಹಿಡಿದು ಕಪ್ಪಾದ ಒಂದು ಬಿದಿರಿನ ತಟ್ಟಿ. ಟ್ರಂಕನ್ನು ನನ್ನ ಕೈಗೆ ಕೊಟ್ಟಿರಿ, ತಟ್ಟಿಯನ್ನು ಕೊಡಲಿಲ್ಲ. ಅವತ್ತೇ ಅದನ್ನು ನಮ್ಮ ಒಲೆಯ ಮೇಲೆ ತೂಗುಹಾಕಿಸಿದಿರಿ. ಬಿಸಿಲೇ ಕಾಣದ ಮಳೆಗಾಲದಲ್ಲಿ ಬಂಗಡೆಯ ಹೊಟ್ಟೆ ಸೀಳಿ, ಉಪ್ಪು ಸವರಿ, ತಟ್ಟಿಯ ಮೇಲೆ ಸಾಲಾಗಿ ಮಲಗಿಸಿ, ಕೆಳಗೆ ತೆಂಗಿನ ಸಿಪ್ಪೆಯ ಹೊಗೆ ಹಾಕುತ್ತಿದ್ದಿರಿ. ಆ ಹೊಗೆಬಂಗಡೆಗೆ ಗಂಜಿ ಜೊತೆಯಿದ್ದರೆ ನನಗೆ ಬೇರೇನೂ ಬೇಡವಾಗಿತ್ತು. ನಿಮ್ಮ ಮಗಳು ಸುಮಿಯೋ, ಮೀನು ಪೂರ್ತಿ ಒಣಗುವ ಮೊದಲೇ ತಟ್ಟಿಗೆ ಕೈ ಹಾಕಿ ನಿಮ್ಮಿಂದ ಪೆಟ್ಟು ತಿನ್ನುತ್ತಿದ್ದಳು. ಮದುವೆಯಾಗಿ ಎಷ್ಟೋ ವರ್ಷವಾದ ಹೆಂಗಸು!

ಹೆದ್ದಾರಿ ಅಗಲ ಮಾಡುವಾಗ ರಸ್ತೆ ಬದಿಗಿದ್ದ ನಮ್ಮ ಅಡುಗೆಕೋಣೆ ಹೋಯಿತಲ್ಲ, ಅವತ್ತು ನೀವು ಅಳಲಿಲ್ಲ. ಜೇಸಿಬಿಯವನಿಗೆ ಚಾ ಕೊಟ್ಟು, "ತಡಿ ಮಾರಾಯ, ನಂದೊಂದು ಸಾಮಾನು ಅದೆ ಒಳಗೆ" ಅಂತ ಹೋಗಿ ತಟ್ಟಿ ಬಿಚ್ಚಿಕೊಂಡು ಬಂದಿರಿ. ಹಿಂದುಗಡೆ ಕಟ್ಟಿಸಿದ ಹೊಸ ಅಡುಗೆಮನೆಗೆ ಟೈಲ್ಸು ಬಂತು, ಗ್ಯಾಸು ಬಂತು, ಒಲೆ ಬರಲಿಲ್ಲ. ತಟ್ಟಿಯನ್ನು ದೇವರ ಫೋಟೋದ ಹಾಗೆ ಗೋಡೆಯ ಮೊಳೆಗೆ ನೇತುಹಾಕಿದಿರಿ. "ಗ್ಯಾಸಿಗೆ ಹೊಗೆ ಎಲ್ಲದೆ? ಮೀನಿಗೆ ಬೆಂಕಿ ಒಂದು ಸಾಕಾ?" ಅಂತ ಆಗಾಗ ಗೊಣಗುತ್ತಿದ್ದಿರಿ.

ನಾನು ಮೀನಿನ ಟೆಂಪೊ ಓಡಿಸುವುದು ಬಿಟ್ಟು ಹಳೆಯ ವೆಲ್ಡಿಂಗ್ ಮಷಿನ್ ಮನೆಗೆ ತಂದ ಸಂಜೆ ನೀವು ಅದರ ಸುತ್ತ ಒಂದು ಸುತ್ತು ಹಾಕಿದಿರಿ. "ಯಾರು ಕಲಿಸ್ತ್ರು ನಿಂಗೆ?" ಅಂದಿರಿ. ಮೊಬೈಲಿನಲ್ಲಿ ನೋಡಿ ಕಲಿಯುತ್ತೇನೆ ಅಂದೆ. "ಮೊಬೈಲಿಗೆ ಕೈ ಸುಡೂದಿಲ್ಲ. ನಿಂಗೆ ಸುಡ್ತದೆ" ಅಂದಿರಿ. ಸುಟ್ಟದ್ದು ಕೈ ಅಲ್ಲ, ಕಣ್ಣು. ಕಪ್ಪು ಗಾಜು ಹಿಡಿಯದೆ ಕಿಡಿ ನೋಡಿ ಕಣ್ಣೊಳಗೆ ಮರಳು ಸುರಿದ ಹಾಗಾಗಿ ನಾನು ಹೊರಳಾಡುತ್ತಿದ್ದರೆ, ನೀವು ಸೌತೆಕಾಯಿ ತುರಿದು ಬಟ್ಟೆಯಲ್ಲಿಟ್ಟು ಕಣ್ಣಿಗೆ ಕಟ್ಟಿ, ತಲೆಯ ಹತ್ತಿರ ಕೂತುಬಿಟ್ಟಿರಿ. ಬಾಯಿ ಬಯ್ಯುತ್ತಿತ್ತು, ಕೈ ಹಣೆ ಸವರುತ್ತಿತ್ತು. ನನ್ನ ಹೆತ್ತ ತಾಯಿ ಕೂಡ ನನ್ನ ಪಕ್ಕ ಅಷ್ಟು ಹೊತ್ತು... ಇರಲಿ ಬಿಡಿ.

ಮೊದಲ ಗೇಟು ನಿಲ್ಲಿಸಿದ ದಿನವನ್ನು ಊರು ಇನ್ನೂ ಮರೆತಿಲ್ಲ. ಗಟ್ಟಿಯಾಗಲಿ ಅಂತ ಗೇಟು ತಿರುಗಬೇಕಾದ ಬಿಜಾಗರಿಯನ್ನೂ ಸೇರಿಸಿ ಬೆಸುಗೆ ಹಾಕಿಬಿಟ್ಟಿದ್ದೆ. ನೀವು ಎಳೆದಿರಿ, ದೂಡಿದಿರಿ, ಆಮೇಲೆ ಸೊಂಟದ ಮೇಲೆ ಕೈ ಇಟ್ಟು ಹೇಳಿದಿರಿ, "ಗೇಟ್ ಚಂದ ಆಯ್ದು ಮಾರಾಯ. ಕಳ್ಳ ಒಳಗೆ ಬರೂದಿಲ್ಲ, ನಾವು ಹೊರಗೆ ಹೋಗೂದಿಲ್ಲ." ಬುಟ್ಟಿ ಹೊತ್ತುಕೊಂಡು ಬೇಲಿಯ ಸಂದಿಯಿಂದ ನುಸುಳಿ ಹೋದಿರಿ. ನಾನು ಆಗ ಎಷ್ಟು ನಾಚಿಕೊಂಡೆನೋ, ಈಗ ಅಷ್ಟೇ ನಗು ಬರುತ್ತದೆ.

ಇನ್ನು ನಿಮಗೆ ಗೊತ್ತಿಲ್ಲದ ಸಂಗತಿ. ಕುಮಟಾದ ಆಸ್ಪತ್ರೆಯಲ್ಲಿ ನೀವು ಉಸಿರಿಗೆ ಒದ್ದಾಡುತ್ತ ಮಲಗಿದ್ದಾಗ, ಸುಮಿ ವರಾಂಡದಲ್ಲಿ ಇಡಗುಂಜಿಯ ದಿಕ್ಕಿಗೆ ತಿರುಗಿ ಕೈಮುಗಿದಳು. "ಅಮ್ಮ ಮನೆಗೆ ಬರ್ಲಿ ಗಣಪತಿ, ನಾ ಮೀನು ಬಿಡ್ತೆ" ಅಂದದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಅವಳಿಗೆ ಬಿಡಲು ಅದಕ್ಕಿಂತ ದೊಡ್ಡದು ಏನಿತ್ತು ಹೇಳಿ? ನೀವು ಚೇತರಿಸಿಕೊಂಡಿರಿ. ಉಪ್ಪಿಲ್ಲದ ಗಂಜಿ ತಂದ ನರ್ಸಿಗೆ "ಉಪ್ಪು ಕಮ್ಮಿ" ಅಂತ ಜಗಳ ತೆಗೆದಿರಿ. ಸುಮಿ ಏನು ಅಡುಗೆ ಮಾಡಿದರೂ ನಿಮ್ಮದು ಅದೊಂದೇ ಮಾತು, ಆಸ್ಪತ್ರೆಯಲ್ಲಿಯೂ ಬಿಡಲಿಲ್ಲ. ಆ ಮಾತು ಕೇಳಿ ಅವಳು ವರಾಂಡಕ್ಕೆ ಓಡಿ ಬಂದು ನಗುತ್ತ ಅತ್ತಳು, ಅಮ್ಮ ಉಳಿದಳು ಅಂತ.

ನಿಮ್ಮನ್ನು ಮನೆಗೆ ತಂದ ಮಧ್ಯಾಹ್ನ ನೀವು ಕೇಳಿದ್ದು ಬಂಗಡೆ ಸಾರು. ಅವಳು ಮಾಡಿ ಬಡಿಸಿದಳು, ತಾನು ಮಜ್ಜಿಗೆ ಅನ್ನ ಕಲಸಿಕೊಂಡಳು. "ನಿಂಗೆ ಎಂತ ಆತೆ?" ಅಂದಿರಿ. "ಹೊಟ್ಟೆ ಸರಿ ಇಲ್ಲ ಅಮ್ಮ" ಅಂದಳು. ಆ ಸುಳ್ಳನ್ನು ನೀವು ನಂಬಿದಿರಾ? ಚೌತಿ ಹಬ್ಬ ಮುಗಿದು ಸ್ವಲ್ಪ ದಿನಕ್ಕೆ ನೀವು ಹೊರಟೇಬಿಟ್ಟಿರಿ. ದೇವರು ತನ್ನ ಮಾತು ಉಳಿಸಿಕೊಂಡಿದ್ದ, ನಿಮ್ಮನ್ನು ಮನೆಗೆ ಕಳಿಸಿದ್ದ. ಎಷ್ಟು ದಿನಕ್ಕೆ ಅಂತ ಇವಳು ಕೇಳಿರಲಿಲ್ಲ.

ಆಮೇಲೆ ನಮ್ಮ ಮನೆಯ ಊಟ ಹೇಗಿತ್ತು ಗೊತ್ತಾ? ನನಗೆ ಮೀನು ಮಾಡಿ ಬಡಿಸುತ್ತಿದ್ದಳು, ತಟ್ಟೆ ಇಟ್ಟು ಹಿಂದಿನ ಬಾಗಿಲಿಗೆ ಹೋಗಿ ಕೂರುತ್ತಿದ್ದಳು. ತಾನು ಆಮೇಲೆ ಯಾವಾಗಲೋ ಮಜ್ಜಿಗೆ, ಉಪ್ಪಿನಕಾಯಿ. ಮುಖ ಬತ್ತಿತು. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಒಮ್ಮೆ ಹೇಳಿ ನೋಡಿದೆ. "ದೇವರು ನಡೆಸ್ಕೊಟ್ಟ, ನಾ ತಪ್ಪಿಸೂದಾ?" ಅಂದಳು. ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ ಅತ್ತೆ. ಅವಳು ನನ್ನ ಪಕ್ಕ ಕೂತು ಒಂದು ಬಂಗಡೆ ತಿನ್ನಬೇಕಿತ್ತು. ಮೀನು ಮಾರಿ ನೀವು ಬೆಳೆಸಿದ ಮಗಳು ಮೀನಿನಿಂದ ಮುಖ ತಿರುಗಿಸಿ ಕೂತದ್ದನ್ನು ನೋಡುವಾಗ, ಈ ಮನೆಯಿಂದ ನೀವು ಇನ್ನೊಮ್ಮೆ ಹೋದ ಹಾಗೆ ಆಗುತ್ತಿತ್ತು.

ಈ ಮಳೆಗಾಲ ಹೊರಗಿನ ಕೆಲಸವಿಲ್ಲದೆ ಕೂತಿದ್ದಾಗ ಮೊಳೆಯಲ್ಲಿದ್ದ ತಟ್ಟಿ ಕಣ್ಣಿಗೆ ಬಿತ್ತು. ವರ್ಷಾಂತದ ಎಡೆಗೆ ನಿಮಗೆ ಪ್ರೀತಿಯದ್ದನ್ನೇ ಬಡಿಸಬೇಕು. ಅಂದ ಮೇಲೆ ಹೊಗೆಬಂಗಡೆ ಇಲ್ಲದೆ ಎಂಥ ಎಡೆ? ಸುಮಿಗೆ ಹೀಗೆ ಹೇಳಿದೆ. ಮನಸ್ಸಿನ ಒಳಗೆ ಇದ್ದದ್ದು ಬೇರೆ. ಆ ವಾಸನೆ ಮನೆಗೆ ಬಂದರೆ ಇವಳು ಸೋಲಬಹುದು ಅಂತ. ಅವಳು ನನ್ನ ಮುಖ ನೋಡಿ, "ಎಡೆಗೆ ಬೇಕಾರೆ ಮಾಡಿ. ನಾ ತಿನ್ನೂದಿಲ್ಲ" ಅಂದಳು. ನಿಮ್ಮ ಮಗಳಿಗೆ ನನ್ನ ತಲೆಯೊಳಗೆ ಓಡುವುದೆಲ್ಲ ಹೇಗೆ ಕಾಣಿಸುತ್ತದೆ?

ತಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಭಟ್ಕಳದ ಬಸ್ಸು ಹತ್ತಿದೆ. ಕಂಡಕ್ಟರ್ ಮೂಗು ಹಿಡಿದು, "ಎಂತ ಮಾರಾಯ್ರೆ ಇದು, ಸತ್ತದ್ದಾ?" ಅಂದ. ನಮ್ಮ ಅತ್ತೆಯದ್ದು ಅಂದೆ. ಮೂಗಿನಿಂದ ಕೈ ತೆಗೆದು ಟಿಕೆಟ್ ಹರಿದು ಕೊಟ್ಟ. ಮೀನಿಗೆ ಹೊಗೆ ಹಾಕಲು ಈ ತಟ್ಟಿ ಹಿಡಿಸುವ ಡ್ರಮ್ಮು ಬೇಕು ಅಂದದ್ದೇ ತಡ, ಗುಜರಿ ಅಂಗಡಿಯ ಇಸ್ಮಾಯಿಲ್‌ಭಾಯ್ ಕುಣಿದುಬಿಟ್ಟರು. "ಅರೆ ಭಾಯ್, ಬಾರ್ಬೆಕ್ಯೂ ಹೇಳಿ! ದುಬೈಲಿ ನಮ್ಮ ಹುಡುಗರು ಶುಕ್ರವಾರ ಶುಕ್ರವಾರ ಇದನ್ನೇ ಮಾಡೂದು." ಅಲ್ಲ, ಇದು ಎಡೆಗೆ ಅಂದೆ. ನಗು ನಿಲ್ಲಿಸಿ, ಒಂದೊಂದೇ ಡ್ರಮ್ಮಿನೊಳಗೆ ತಲೆ ಹಾಕಿ ಮೂಸಿದರು. "ಇದು ಔಷಧಿದು, ಬೇಡ. ಇದು ಪೇಂಟಿಂದು, ಬಿಲ್ಕುಲ್ ಬೇಡ. ಇದು ತಗೊಳ್ಳಿ, ಅಡುಗೆ ಎಣ್ಣೇದು. ಮೊದಲು ಒಳಗೆ ಚಂದ ಮಾಡಿ ಬೆಂಕಿ ಹಾಕಿ ಸುಡಿ, ಅಮ್ಮನ ಬಾಯಿಗೆ ಹೋಗೂದು." ತಟ್ಟಿ ಅಡ್ಡ ಮಲಗಿಸಿದ ಆ ಡ್ರಮ್ಮಿನೊಳಗೆ ಅಳತೆ ತೆಗೆದ ಹಾಗೆ ಕೂತಿತು.

ಕೆಲಸ ಮಾಡಿದ್ದು ದನದ ಕೊಟ್ಟಿಗೆಯ ಮಾಡಿನ ಕೆಳಗೆ. ಡ್ರಮ್ಮನ್ನು ಉದ್ದಕ್ಕೆ ಸೀಳಿ ಮುಚ್ಚಳ ಮಾಡಿದೆ. ಈ ಸಲ ಬಿಜಾಗರಿ ತಿರುಗುತ್ತದೆ, ಸಾಕ್ಷಿ ಬೇಕಾದರೆ ಸುಮಿಯನ್ನು ಕೇಳಿ. ಬೆಂಕಿಗೆ ಪಕ್ಕದಲ್ಲಿ ಬೇರೆ ಪೆಟ್ಟಿಗೆ, ಅಲ್ಲಿಂದ ಹೊಗೆ ಬರಲು ಒಂದು ಪೈಪು. ಹೊಗೆ ಒಂಚೂರೂ ಹಾಳಾಗಬಾರದು ಅಂತ ಎಲ್ಲ ಸಂದಿಗೂ ಬೆಸುಗೆ ಹಾಕಿದೆ. ನೀರು ತುಂಬಿಸಿದರೂ ಹನಿ ಸೋರುತ್ತಿರಲಿಲ್ಲ. ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ ಬಂಗಡೆ ತಂದು, ಗಾಳಿಮರದ ಕಟ್ಟಿಗೆ ಉರಿಸಿ ಮುಚ್ಚಳ ಹಾಕಿದೆ. ಸ್ವಲ್ಪ ಹೊತ್ತಿಗೆ ಬೆಂಕಿ ಉಸಿರುಕಟ್ಟಿ ಸತ್ತಿತು. ಮುಚ್ಚಳ ತೆಗೆದರೆ ಮೀನು ಒದ್ದೆ ಒದ್ದೆ, ಮೇಲೆ ಮಸಿ, ಬಾಯಿಗಿಟ್ಟರೆ ವಿಷದಂಥ ಕಹಿ. ಪಕ್ಕದ ಮನೆಯ ಬೆಕ್ಕು ಬಂದು ಮೂಸಿ ವಾಪಸು ಹೋಯಿತು. ನೀವಿದ್ದಿದ್ದರೆ ಏನು ಹೇಳುತ್ತಿದ್ದಿರೋ, ನನ್ನ ಪುಣ್ಯ.

ಅಡುಗೆಮನೆಯ ಕಿಟಕಿಯಿಂದ ಸುಮಿಯ ಸ್ವರ ಬಂತು, "ಮತ್ತೂ ಮುಚ್ಚಿಬಿಟ್ರಾ? ಗೇಟ್ ಆತು, ಈಗ ಇದಾ?" ನಾನು ತಟ್ಟಿಯ ಮಸಿ ಒರೆಸತೊಡಗಿದೆ. "ನಮ್ಮ ಒಲೆ ಮೇಲೆ ಹಂಚಿನ ಸಂದಿ ಇತ್ತಲ್ದಾ? ಹೊಗೆ ಮೀನಿಗೆ ತಾಗಿ ಹೋಗೂಕೆ ಬೇಕು, ಅಲ್ಲೇ ಕೂತ್ರೆ ಕೊಳೀತದೆ." ಇನ್ನೊಂದು ನಿಮಿಷಕ್ಕೆ ಹೊಸ್ತಿಲಿಗೆ ಬಂದಳು. "ಗಾಳಿಮರ ಯಾರು ಹೇಳಿದ್ರು ನಿಮಗೆ? ಅಮ್ಮ ಗಾಳಿಮರ ಹಾಕಿದ್ದು ಎಲ್ಲಾದ್ರೂ ಕಂಡಿದ್ರಾ? ಸಿಪ್ಪೆ, ಅದೂ ನೀರು ಚಿಮುಕಿಸಿದ್ದು." ಒಂದು ವರ್ಷದಿಂದ ಅವಳು ನಿಮ್ಮ ಬಗ್ಗೆ ಇಷ್ಟು ಮಾತಾಡಿರಲಿಲ್ಲ. ಬೈಗುಳ ತಿನ್ನುತ್ತ ನನಗೆ ಎಷ್ಟು ಖುಷಿಯಾಗುತ್ತಿತ್ತು ಅಂದರೆ, ಇನ್ನೂ ಎರಡು ತಪ್ಪು ಮಾಡಿರಬೇಕಿತ್ತು ಅನಿಸಿತು.

ಮಾರನೇ ದಿನ ಡ್ರಮ್ಮಿನ ಬೆನ್ನಿಗೆ ತೂತು ಕೊರೆದು, ಹಳೆಯ ಪಂಪಿನ ಪೈಪು ನಿಲ್ಲಿಸಿ ಬೆಸುಗೆ ಹಾಕಿದೆ. ಬೇರೆ ಬಂಗಡೆ ತಂದು ತಟ್ಟಿಯ ಮೇಲೆ ಮಲಗಿಸಿ, ಸಿಪ್ಪೆಗೆ ನೀರು ಚಿಮುಕಿಸಿದೆ. ಮಧ್ಯಾಹ್ನದ ಹೊತ್ತಿಗೆ ಪೈಪಿನಿಂದ ತೆಳ್ಳಗೆ, ನೀಲಿಯಾಗಿ ಹೊಗೆ ಏಳತೊಡಗಿತು. ಸುಮಿ ಹಿತ್ತಲಿನ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗಾಳಿ ಆ ಕಡೆ ತಿರುಗಿತು. ಒಗೆಯುವ ಸದ್ದಿನ ನಡುವೆ ಅವಳ ಸ್ವರ ಕೇಳಿತು, "ಅಮ್ಮಾ, ಮೀನು ತಿರುಗಿಸಿದ್ಯನೆ?"

ಒಗೆಯುವ ಸದ್ದು ನಿಂತಿತು. ನಾನು ಡ್ರಮ್ಮಿನ ಹತ್ತಿರ ನಿಂತೇ ಇದ್ದೆ. ಹೂಂ ಅನ್ನಲೇ? ಅಮ್ಮ ಇಲ್ಲ ಅನ್ನಲೇ? ಬಹಳ ಹೊತ್ತಾದ ಮೇಲೆ ಬಟ್ಟೆ ಒಗೆಯುವ ಸದ್ದು ಮತ್ತೆ ಶುರುವಾಯಿತು. ನಾನು ಮುಚ್ಚಳ ತೆಗೆದು ಮೀನು ತಿರುಗಿಸಿದೆ. ಅವತ್ತು ಅವಳು ಕೊಟ್ಟಿಗೆಯ ಕಡೆಗೆ ಬರಲಿಲ್ಲ, ನಾನೂ ಕರೆಯಲಿಲ್ಲ. ಮೀನು ತಟ್ಟಿಯ ಮೇಲೆಯೇ ಉಳಿಯಿತು.

ಬೆಳಿಗ್ಗೆ ಎದ್ದು ನೋಡಿದರೆ ಅವಳು ಮನೆಯಲ್ಲಿ ಇಲ್ಲ. ಚಾ ಮಾಡಿ ಮುಚ್ಚಿಟ್ಟು ಹೋಗಿದ್ದಳು. ಹಿತ್ತಲು, ಬಾವಿಕಟ್ಟೆ ಎಲ್ಲ ಹುಡುಕಿ ಬಂದೆ. ಮಧ್ಯಾಹ್ನ ಬಸ್ಸಿಳಿದು ಬಂದವಳ ಕೈಯಲ್ಲಿ ಬಾಳೆಲೆಯ ಪೊಟ್ಟಣ, ಹಣೆಯಲ್ಲಿ ಗಂಧ. ಇಡಗುಂಜಿಗೆ ಹೋಗಿದ್ದಳು. "ಭಟ್ರ ಹತ್ರ ಎಲ್ಲಾ ಹೇಳ್ದೆ" ಅಂದಳು. "'ಎಷ್ಟು ಸಮಯಕ್ಕೆ ಹೇಳಿ ಹರಕೆ ಹೊತ್ತಿದ್ದೆ ತಂಗಿ?' ಅಂದ್ರು. ಸಮಯ ಹೇಳ್ಲಿಲ್ಲ ಅಂದೆ. 'ಹಾಂಗಾರೆ ವರ್ಷ ಬಿಟ್ಟಿದ್ದು ಸಾಕು, ಪಂಚಕಜ್ಜಾಯ ಒಪ್ಪಿಸು. ಗಣಪತಿ ಸಿಟ್ಟು ಮಾಡ್ತ್ನಿಲ್ಲೆ' ಅಂದ್ರು." ಪೊಟ್ಟಣ ಬಿಚ್ಚಿ ನನ್ನ ಅಂಗೈಗೆ ಪಂಚಕಜ್ಜಾಯ ಹಾಕಿದಳು, ತಾನೂ ತಿಂದಳು. ಆಮೇಲೆ ಕೈ ತೊಳೆದುಕೊಂಡು ನೇರ ಕೊಟ್ಟಿಗೆಗೆ ಹೋಗಿ, ಮುಚ್ಚಳ ಎತ್ತಿ, ನಿಮ್ಮ ತಟ್ಟಿಗೆ ಕೈ ಹಾಕಿದಳು.

ನಿಂತಲ್ಲೇ ಅರ್ಧ ಬಂಗಡೆ ತಿಂದಳು. ಅಗಿದು, ನುಂಗಿ, ನನ್ನ ಕಡೆ ತಿರುಗಿ ಹೇಳಿದಳು, "ಉಪ್ಪು ಕಮ್ಮಿ."

ಹೇಳಿದವಳಿಗೇ ತಾನು ಯಾರ ಮಾತು ಹೇಳಿದೆ ಅಂತ ಗೊತ್ತಾಯಿತು. ಮೀನು ಹಿಡಿದುಕೊಂಡೇ ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತು ಅತ್ತಳು. ನೀವು ಹೋದ ದಿನವೂ ಅವಳು ಹಾಗೆ ಬಾಯಿಬಿಟ್ಟು ಅತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಅಳುತ್ತಲೇ ಉಳಿದ ಅರ್ಧವನ್ನೂ ತಿಂದಳು, ನನಗೊಂದು ಚೂರೂ ಕೊಡದೆ.

ಮೊನ್ನೆ ಎಡೆಯ ಬಂಗಡೆಗೆ ಅವಳೇ ಉಪ್ಪು ಸವರಿದ್ದು. ಎಡೆಗೆ ಇಡುವ ಮೊದಲು ರುಚಿ ನೋಡುವ ಹಾಗಿಲ್ಲವಲ್ಲ, ನಿಮ್ಮ ಮೇಲಿನ ಪ್ರೀತಿಗೆ ಕೈ ತಡೆಯದೆ ಸುರಿದುಬಿಟ್ಟಳು. ನಿಮಗೆ ಸರಿಯಾಗಿರಬೇಕು. ನನ್ನ ನಾಲಗೆ ಇನ್ನೂ ಉರಿಯುತ್ತಿದೆ. ಅವಳೆದುರು ಹೇಳುವ ಧೈರ್ಯ ನನಗೆಲ್ಲಿ? ಗೇಟನ್ನೂ ದೀಪಾವಳಿಯ ಒಳಗೆ ಬಿಚ್ಚಿ ಸರಿಮಾಡುತ್ತೇನೆ ಅತ್ತೆ, ಮಾತು ಕೊಡುತ್ತೇನೆ. ನೀವು ಬರುವುದಾದರೆ ಬೇಲಿ ನುಸುಳುವುದು ಬೇಡ.

ಸುದ್ದಿ ಇಷ್ಟೇ. ಎಡೆ ತೆಗೆದ ಮೇಲೆ ನಾವಿಬ್ಬರೂ ಅಕ್ಕಪಕ್ಕ ಎಲೆ ಹಾಕಿಕೊಂಡು ಕೂತೆವು. ಎರಡನೇ ಬಂಗಡೆಯನ್ನು ಅವಳೇ ಕೇಳಿ ಹಾಕಿಸಿಕೊಂಡಳು.