ಒಲೆ ಆರಿಸಿದ ಮನೆ

ರೊಕ್ಕಾಸ್ಪಿನಾ, ಕಲಾಬ್ರಿಯ
19 ನವೆಂಬರ್ 1997

ಪ್ರೀತಿಯ ಅಸ್ಸುಂತಾ ಅಕ್ಕನಿಗೆ,

ನಿನ್ನ ತಂಗಿ ಫಿಲೊಮೆನಾಳ ಅಪ್ಪುಗೆ. ಅಲ್ಲಿ ಮೆಲ್ಬರ್ನಿನಲ್ಲಿ ನೀನೂ ಮೊಮ್ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ಕಾಗದ ಇಷ್ಟು ತಡವಾಯಿತೆಂದು ಬೈಯಬೇಡ. ಬರೆಯಬೇಕೆಂದು ಕೂತವಳು ಮತ್ತೆ ಮತ್ತೆ ಎದ್ದುಹೋದೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಹೇಗೋ ಓದಿಕೋ. ನೀನು ಹೆಣೆದ ಉಣ್ಣೆಯ ಕಾಲುಚೀಲ ತಲುಪಿತು. ಇಷ್ಟು ವರ್ಷ ಜೈಲಿಗೆ ಹೋಗುತ್ತಿದ್ದ ಪಾರ್ಸೆಲ್ಲು ಈ ಸಲ ನೇರ ಮನೆಗೇ ಬಂತು.

ಹೌದು ಅಕ್ಕಾ, ಸವೇರಿಯೊ ಮನೆಗೆ ಬಂದರು.

ಇಪ್ಪತ್ತೆರಡು ವರ್ಷದ ಹಿಂದೆ ಪೊಲೀಸರು ಎಳೆದುಕೊಂಡು ಹೋದಾಗ ಬಾಗಿಲು ತುಂಬಾ ಇದ್ದ ಗಂಡಸು. ಈಗ ನೋಡಿದರೆ ಕೋಟು ಒಂದೇ ನಡೆದು ಬಂದ ಹಾಗಿತ್ತು. ಇವರು ಕಾಫಿ ಅಂಗಡಿಗೆ ಕಾಲಿಟ್ಟರೆ ಇಸ್ಪೀಟು ಆಡುವವರೆಲ್ಲ ಎಲೆ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದ ಊರಿದು, ನಿನಗೆ ಗೊತ್ತಲ್ಲ. ಅದೇ ಊರಿನ ಏರು ಹತ್ತುವಾಗ ಗೋಡೆ ಹಿಡಿದುಕೊಂಡು ಬಂದರು. ಯಾರೂ ಎದುರಿಗೆ ಬರಲಿಲ್ಲ, ಯಾರೂ ಕಿಟಕಿಯನ್ನೂ ಮುಚ್ಚಲಿಲ್ಲ. ಹೊಸ್ತಿಲ ಮೇಲೆ ನಿಂತು ಕೇಳಿದ ಮೊದಲ ಮಾತು, "ಬ್ರೂನೊ ಎಲ್ಲಿ?"

ನಾನೇನು ಹೇಳಲಿ? ಮೀಸೆ ಮೂಡುತ್ತಿದ್ದಾಗಲೇ ಅಪ್ಪನ ಕಡೆಯ ಗಂಡಸರ ಸಹವಾಸ ಬೇಡವೆಂದು ಕಡಲ ತಡಿಯ ಪೇಟೆಗೆ ಇಳಿದುಹೋಗಿ ಟೈರು ಅಂಗಡಿ ಇಟ್ಟ ಮಗ ಅವನು. ಪ್ರತಿ ಭಾನುವಾರ ನನ್ನ ಜೊತೆ ಉಣ್ಣಲು ಬರುತ್ತಾನೆ. ಜೈಲಿಗೆ ಮಾತ್ರ ಒಂದು ದಿನವೂ ಹೋದವನಲ್ಲ. ಕಳೆದ ಚಳಿಗಾಲದಿಂದಂತೂ ಅಪ್ಪನ ಹೆಸರೆತ್ತಿದರೆ ತಟ್ಟೆ ಬಿಟ್ಟು ಏಳುತ್ತಿದ್ದ. ನನಗೆ ಇದ್ದದ್ದು ಒಂದೇ ಆಸೆ ಅಕ್ಕಾ. ಕಣ್ಣು ಮುಚ್ಚುವ ಮುಂಚೆ ಅಪ್ಪ ಮಗ ಒಂದು ಮೇಜಿಗೆ ಕೂತು ಒಂದು ತುತ್ತು ಉಣ್ಣುವುದನ್ನು ನೋಡಬೇಕು. ಅದಕ್ಕಾಗಿ ಅವನ ಅಂಗಡಿಗೇ ಹೋಗಿ ಅಂಗಲಾಚಿದ್ದೆ.

"ಒಂದೇ ಒಂದು ಊಟ ಕಣೋ. ಆಮೇಲೆ ನಿನ್ನಿಷ್ಟ" ಅಂದೆ.

ತಲೆ ಎತ್ತದೆ ಟೈರು ತಿರುಗಿಸುತ್ತಲೇ, "ಬರ್ತೀನಮ್ಮ. ಆದ್ರೆ ಅವತ್ತಿನ ಊಟ ನಾನೇ ತರ್ತೀನಿ. ನೀನು ಏನೂ ಮಾಡ್ಬೇಡ" ಅಂದ.

ಕುಣಿಯುವುದೊಂದು ಬಾಕಿ ನನಗೆ! ಕಲ್ಲು ಕರಗಿತು ಅಂದುಕೊಂಡು ದಾರಿಯುದ್ದಕ್ಕೂ ಮಾತೆ ಮರಿಯಳಿಗೆ ಕೈ ಮುಗಿಯುತ್ತಾ ಬಂದೆ.

ಆದರೂ ಗಂಡ ಮನೆಗೆ ಬರುವ ದಿನ ಒಲೆ ತಣ್ಣಗಿಡಲು ಮನಸ್ಸು ಬರುತ್ತದೆಯೇ? ಬೆಳಿಗ್ಗೆಯೇ ಆಡಿನ ಮಾಂಸ ಟೊಮೆಟೊದಲ್ಲಿ ಬೇಯಲು ಇಟ್ಟಿದ್ದೆ. ಇವರು ಬಂದು, ಕೈಕಾಲು ತೊಳೆದು, ನಿನ್ನ ಕಾಲುಚೀಲ ಹಾಕಿಕೊಂಡು ಮೇಜಿನ ತಲೆಗೆ ಕೂತರು. ಅಷ್ಟರಲ್ಲಿ ಪಕ್ಕದ ಮನೆಯ ಕಾಂದಿದಾ ಬಾಗಿಲು ತಟ್ಟದೆ ಒಳಗೆ ಬಂದಳು. ಕರಿ ಶಾಲು, ಕೈಯಲ್ಲಿ ಬಿಳಿ ಬಟ್ಟೆ ಕಟ್ಟಿದ ಪಾತ್ರೆ. ಪಾತ್ರೆ ಇಟ್ಟು ನನ್ನನ್ನು ಬಿಗಿಯಾಗಿ ತಬ್ಬಿಕೊಂಡಳು. ಆಮೇಲೆ ನೆಟ್ಟಗೆ ಒಲೆಯ ಹತ್ತಿರ ಹೋಗಿ ಉರಿ ಆರಿಸಿಬಿಟ್ಟಳು!

"ಅಯ್ಯೋ, ಮಾಂಸ ಇನ್ನೂ ಬೆಂದಿಲ್ಲ ಕಣೇ!"

"ಇವತ್ತು ನೀನು ಒಲೆ ಹಚ್ಚಬಾರದು ಫಿಲೊಮೆನಾ. ನಾವಿಲ್ವಾ?"

ಎಷ್ಟು ಒಳ್ಳೆಯ ಹೆಂಗಸು, ಗಂಡನ ಪಕ್ಕ ಕೂರಲಿ ಅಂತ ಬಿಡುವು ಕೊಡುತ್ತಿದ್ದಾಳೆ ಅಂದುಕೊಂಡೆ. ಪೆದ್ದಿ ನಾನು. ಅವಳ ಹಿಂದೆಯೇ ಬ್ರೆಡ್ಡಿನವನ ಹೆಂಡತಿ ಬಂದಳು, ದರ್ಜಿಯ ತಾಯಿ ಬಂದಳು, ಮೇಲಿನ ಬೀದಿಯವರು ಬಂದರು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಪ್ಪು ಕಾಫಿ. ಒಬ್ಬೊಬ್ಬರೂ ನನ್ನನ್ನು ತಬ್ಬಿ, ತಂದದ್ದನ್ನು ಇಟ್ಟು, ಗೋಡೆಗೆ ಒತ್ತಿ ನಿಂತರು.

ಸವೇರಿಯೊ ಮುಖ ಅರಳಿತು. ಹಳೇ ಕಾಲದಲ್ಲಿ ಹಬ್ಬಕ್ಕೆ ತಟ್ಟೆ ತಟ್ಟೆ ಮನೆಗೆ ಬರುತ್ತಿತ್ತಲ್ಲ, ಹಾಗೇ ಅಂದುಕೊಂಡರು.

"ನೋಡಿದ್ಯೇನೇ? ಊರು ಹೆದರೋದು ಮರೆತಿದೆ ಅಂತಿದ್ದೆ ನೀನು. ಆನೆ ಇದ್ರೂ ಸಾವಿರ, ಸತ್ರೂ ಸಾವಿರ!" ಎಂದು ನಗುತ್ತಾ ಕಾಂದಿದಾಳ ಸಾರು ಬಗ್ಗಿಸಿಕೊಂಡು ಸೊರ್ರನೆ ಕುಡಿದರು. ಮುಖ ಕಿವುಚಿದರು. "ಇದೇನು ಕಾಂದಿದಾ, ಕೋಳಿ ಸಾರಿಗೆ ಒಂದು ಮೆಣಸಿನಕಾಯಿನೂ ಹಾಕಿಲ್ಲ? ಕಾಯಿಲೆಯವರಿಗೆ ಮಾಡಿದ್ಯಾ?"

ಕಾಂದಿದಾ ಉತ್ತರ ಕೊಡಲಿಲ್ಲ. ಇವರ ಕಡೆ ತಿರುಗಲೂ ಇಲ್ಲ.

ಮೆಣಸಿನಕಾಯಿ ಇಲ್ಲ! ಹಾಲಿಗೂ ಮೆಣಸಿನಕಾಯಿ ಹಾಕುವ ಹೆಂಗಸು ಅಂತ ನಾವೇ ಗೇಲಿ ಮಾಡುತ್ತಿದ್ದ ಕಾಂದಿದಾ ಅವಳು. ಆಗ ನಾನು ಮೇಜಿನ ಮೇಲೆ ಕಣ್ಣಾಡಿಸಿದೆ. ಸಿಹಿ ಇಲ್ಲ. ಹೊಸ ವೈನಿನ ತಿಂಗಳು, ಒಬ್ಬಳೂ ಒಂದು ಬಾಟಲಿ ತಂದಿಲ್ಲ. ಎಲ್ಲರೂ ಕಪ್ಪು ಉಟ್ಟಿದ್ದಾರೆ, ಒಬ್ಬರೂ ಕೂತಿಲ್ಲ.

ತಟ್ಟನೆ ಹೊಳೆಯಿತು ಅಕ್ಕಾ. ಅದು ಸೂತಕದ ಊಟ! ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದೆಂದು ನೆರೆಯವರು ಹೊತ್ತು ತರುತ್ತಾರಲ್ಲ, ಅದೇ ಸಪ್ಪೆ ಸಾರು, ಅದೇ ಬ್ರೆಡ್ಡು, ಅದೇ ಕಪ್ಪು ಕಾಫಿ. ನಮ್ಮ ತಮ್ಮ ಕೊಸಿಮೊ ಲಾರಿ ಸಮೇತ ಕಣಿವೆಗೆ ಬಿದ್ದು ಸತ್ತಾಗ ಅಪ್ಪನ ಮನೆಗೆ ಬಂದದ್ದೂ ಇದೇ ತಾನೇ? ನೀನು ಹನಿ ನೀರೂ ಮುಟ್ಟದೆ ಗೋಡೆಗೆ ಒರಗಿದ್ದೆ. ಸವೇರಿಯೊ ತಾವೇ ಪಾತ್ರೆ ಹೊತ್ತು ತಂದು, ಮಂಡಿಯೂರಿ ಕೂತು, ಚಮಚ ಚಮಚವಾಗಿ ನಿನಗೆ ಉಣಿಸಿದರು. "ಸರ್ಕಾರಕ್ಕೆ ಅವನು ಏನೇ ಆಗಿರಲಿ, ಅವತ್ತು ನನಗೆ ಅಣ್ಣನಾದ" ಅಂತ ನೀನು ಪ್ರತಿ ಕಾಗದದಲ್ಲೂ ಬರೆಯುತ್ತೀಯ. ಆ ಋಣಕ್ಕೇ ವರ್ಷ ವರ್ಷ ಕಾಲುಚೀಲ ಹೆಣೆಯುತ್ತೀಯ.

"ಬ್ರೂನೊ!" ಎಂದು ಕಿರುಚಿದೆ. "ನನ್ನ ಮಗನಿಗೆ ಏನಾಯ್ತು? ಹೇಳ್ರೇ!"

"ಸುಮ್ನಿರು, ನಿನ್ನ ಮಗ ಚೆನ್ನಾಗಿದ್ದಾನೆ. ಅಗೋ ಬಂದ" ಅಂದಳು ಕಾಂದಿದಾ.

ಬಂದ. ತೋಳಿಗೆ ಕರಿ ಪಟ್ಟಿ, ಕೈಯಲ್ಲಿ ಇನ್ನೊಂದು ಪಾತ್ರೆ. ಅಪ್ಪನನ್ನು ದಾಟಿ ಬಂದು ಪಾತ್ರೆಯನ್ನು ನನ್ನ ಮುಂದಿಟ್ಟು, ನನ್ನ ಎರಡೂ ಕೈ ಹಿಡಿದುಕೊಂಡ.

"ಅಮ್ಮಾ, ಅಪ್ಪ ತೀರಿಕೊಂಡ. ನಾನೇ ಮನೆ ಮನೆಗೆ ಹೋಗಿ ಹೇಳಿ ಬಂದಿದ್ದೀನಿ. ನೀನು ಎರಡು ತುತ್ತು ತಿನ್ನು."

ಚಮಚ ಹಿಡಿದ ಸವೇರಿಯೊ ಕೈ ಅಲ್ಲೇ ನಿಂತಿತು. "ಏನೋ ಬೊಗಳ್ತಾ ಇದ್ದೀಯ? ಇಲ್ಲೇ ಕೂತಿದ್ದೀನಲ್ಲೋ! ಕಾಂದಿದಾ, ನೀನಾದ್ರೂ ಹೇಳು. ಏ, ನಿಮ್ಮನ್ನೇ ಕೇಳ್ತಾ ಇರೋದು!"

ಹಿಂದೆ ಹೆದರಿ ತಲೆ ತಗ್ಗಿಸುತ್ತಿದ್ದ ಹೆಂಗಸರು ಈಗ ತಲೆ ಎತ್ತಿಯೇ ನಿಂತಿದ್ದರು. ಆದರೆ ಆ ಕುರ್ಚಿಯಲ್ಲಿ ಯಾರೂ ಇಲ್ಲವೆಂಬಂತೆ.

"ಆರಿಹೋಗತ್ತೆ, ತಿನ್ನಮ್ಮ" ಅಂದ ಬ್ರೂನೊ. ಆಮೇಲೆ ನನಗೆ ಇನ್ನೊಂದು ಮಾತು ಹೇಳಿದ. ಅದಕ್ಕೆ ಸವೇರಿಯೊ ಒಂದು ಮಾತು ಆಡಿದರು. ಅದನ್ನು ಈಗ ಬರೆಯಲಾರೆ, ಕೈ ಬರುತ್ತಿಲ್ಲ. ಬ್ರೂನೊ ಎದುರಿಗೆ ಕೂತು ತುತ್ತು ಮಾಡಿ ಕೊಟ್ಟ, ನಾನು ತಿಂದೆ. ಹೀಗೆ ಅಪ್ಪ ಮಗ ಒಂದು ಮೇಜಿಗೆ ಕೂತರು ಅಕ್ಕಾ. ನಾನು ಬೇಡಿಕೊಂಡದ್ದು ಅದನ್ನೇ ಅಲ್ಲವೇ?

ಇನ್ನು ಉಳಿದ ಸುದ್ದಿ. ಆಲಿವ್ ಈ ವರ್ಷ ಚೆನ್ನಾಗಿ ಹಿಡಿದಿದೆ, ಎಣ್ಣೆ ತೆಗೆದ ಮೇಲೆ ನಿನಗೊಂದು ಡಬ್ಬಿ ಕಳಿಸುತ್ತೇನೆ. ಅಪ್ಪನ ಮನೆಯ ಹೆಂಚು ಎರಡು ಕಡೆ ಕುಸಿದಿದೆ, ಬ್ರೂನೊ ನೋಡಿಕೊಳ್ಳುತ್ತೇನೆ ಅಂದಿದ್ದಾನೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಏನು ಬರೆಯುತ್ತಿದ್ದೇನೋ ನನಗೇ ತಿಳಿಯುತ್ತಿಲ್ಲ.

ಮಾತೆ ಮರಿಯಳು ನಿನ್ನನ್ನೂ ಮಕ್ಕಳನ್ನೂ ತನ್ನ ಸೆರಗಿನಲ್ಲಿ ಕಾಯಲಿ. ಮೊಮ್ಮಕ್ಕಳ ಹಣೆಗೆ ನನ್ನ ಮುತ್ತು. ಈ ಕಾಗದ ಓದುವಾಗ ಒಬ್ಬಳೇ ಇರಬೇಡ, ಮಗಳನ್ನು ಪಕ್ಕದಲ್ಲಿ ಕೂರಿಸಿಕೋ.

ನಿನ್ನ ತಂಗಿ,
ಫಿಲೊಮೆನಾ

ಮರೆತ ಮಾತು: ಮರೆತದ್ದಲ್ಲ. ಬರೆಯದೆ ಲಕೋಟೆ ಅಂಟಿಸಲು ಹೊರಟಿದ್ದೆ, ಆಗಲಿಲ್ಲ.

ಬ್ರೂನೊ ಹೇಳಿದ್ದು ಇದು: "ಕೊಸಿಮೊ ಮಾವನ ಲಾರಿ ಬ್ರೇಕು ತಾನಾಗಿ ಹೋಗಲಿಲ್ಲಮ್ಮ. ಅಪ್ಪನ ಕಡೆಯವರ ಮಾಲು ಸಾಗಿಸೋಕೆ ಲಾರಿ ಕೊಡಲ್ಲ ಅಂದ ಮಾವ, ಅದಕ್ಕೆ ಬ್ರೇಕು ತೆಗೆಸಿದ್ರು. ತೆಗೆದ ಅವರ ಆಳು ಜೆಸುವೆಲೆ ಕಳೆದ ಚಳಿಗಾಲದಲ್ಲಿ ಸಾಯೋ ಮುಂಚೆ ನನ್ನ ಕರೆಸಿ ಹೇಳಿದ. ಹೇಳಿ ಕಳಿಸಿದ್ದು ಯಾರು ಅಂತ ನೀನೇ ಕೇಳು."

ಕೇಳಿದೆ. ಸುಳ್ಳು ಅನ್ನಿ, ಒಂದು ಸಲ ಸುಳ್ಳು ಅನ್ನಿ ಅಂತ ಕಾಲು ಹಿಡಿದುಕೊಂಡೆ. ಸವೇರಿಯೊ ಬಾಯಿ ಒರೆಸಿಕೊಂಡ. "ಅವತ್ತು ಆ ಸಾರಿನ ಪಾತ್ರೆ ನಾನೇ ಹೊರದೆ ಇದ್ದಿದ್ರೆ ಊರಿಗೆ ಅನುಮಾನ ಬರ್ತಿತ್ತು ಕಣೇ" ಅಂದ. ಅಷ್ಟೇ ಅಂದ.

ಗೋಡೆಯ ಪಕ್ಕ ಒಬ್ಬ ಹೆಂಗಸೂ ಬೆಚ್ಚಲಿಲ್ಲ ಅಕ್ಕಾ. ಊರಿಗೆಲ್ಲ ಗೊತ್ತಿತ್ತು. ಅವನ ಕೈಯಿಂದ ಉಂಡ ನಮ್ಮಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ಒಲೆ ಇನ್ನೂ ಹಚ್ಚಿಲ್ಲ. ಅವನು ಪಕ್ಕದ ಕೋಣೆಯಿಂದ ಕಾಫಿ ಕೇಳುತ್ತಾನೆ, ನಾನು ಉತ್ತರ ಕೊಡುವುದಿಲ್ಲ. ಬೆಳಿಗ್ಗೆ ಒಂದೇ ಒಂದು ಸಲ ಬಾಯಿ ಬಿಟ್ಟೆ. ನನ್ನ ಅಕ್ಕ ಹೆಣೆದ ಕಾಲುಚೀಲ ಬಿಚ್ಚಿಕೊಡು ಅಂದೆ.

"ಬೇಡ ಕಣೇ" ಅಂದ, "ಕಾಲು ತಣ್ಣಗಾಗ್ತಿದೆ."