ಎರಡನೇ ಮುಚ್ಚಿಗೆ ಇಲ್ಲದ ಡೋಲು

ಅಪ್ಪಾ,

ನನ್ನ ಕೆಮ್ಮು ನಿಂತಿದೆ, ಬಿಸಿ ಊಟ ಸಿಗುತ್ತಿದೆ ಎಂದು ಅಮ್ಮನಿಗೆ ಹೇಳಿ. ನಾನು ಸೇರಿದ ಕಾರ್ಖಾನೆಯಲ್ಲಿ ಕಾಂಗಾ ಎಂಬ ಡೋಲು ಮಾಡುತ್ತಾರೆ. ಮೂರು ಡೋಲು ಅಕ್ಕತಂಗಿಯರ ಹಾಗೆ ನಿಂತಿರುತ್ತವೆ. ಎತ್ತರ ಒಂದೇ, ಹೊಟ್ಟೆಯ ಅಗಲ ಮಾತ್ರ ಬೇರೆ. ಸಣ್ಣವಳು ಕ್ವಿಂಟೊ, ಬಾಯಿಬಡುಕಿ. ನಡುವಿನವಳಿಗೆ ಮನೆತನದ ಹೆಸರೇ, ಕಾಂಗಾ. ದಪ್ಪನೆಯವಳು ಟುಂಬಾ, ಮಾತು ಕಡಿಮೆ.

ಮೃದಂಗ ಕಟ್ಟುವವರ ಮಗಳಲ್ಲವೇ, ಟುಂಬಾವನ್ನು ಬೋರಲು ಹಾಕಿ ಇನ್ನೊಂದು ಬದಿಯ ಚರ್ಮದ ಮುಚ್ಚಿಗೆ ಹುಡುಕಿದೆ. ಬರೀ ತೂತು! "ಚರ್ಮ ಇಲಿ ತಿಂದ್ಬಿಡ್ತಾ?" ಎಂದು ಕೇಳಿಯೇಬಿಟ್ಟೆ. ಮೇಸ್ತ್ರಿ ಬಿದ್ದು ಬಿದ್ದು ನಕ್ಕರು. "ಇದಕ್ಕಿರೋದು ಒಂದೇ ಮುಖ ಕಣಮ್ಮ. ನಾದ ಕೆಳಗಿಂದ ಹೊರಡುತ್ತೆ. ಚಪ್ಪಲಿ ಬಿಟ್ಟು ನಿಂತ್ಕೋ" ಎಂದವರು, ಡೋಲನ್ನು ಮತ್ತೆ ನೆಟ್ಟಗೆ ನಿಲ್ಲಿಸಿ, ಸ್ವಲ್ಪ ವಾಲಿಸಿ ಅಂಗೈಯಿಂದ ಒಂದು ಪೆಟ್ಟು ಕೊಟ್ಟರು.

ನೆಲದ ಹಲಗೆ ನಡುಗಿತು ಅಪ್ಪಾ! ನಾದ ಅಂಗಾಲಿನಿಂದ ಹತ್ತಿ ಎದೆಗೂಡಿಗೇ ಬಂತು. ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು, ಇನ್ನೊಮ್ಮೆ ಬಾರಿಸಿ ಎಂದೆ. ಆಗಲೂ ಬಂತು.

ಕಾರ್ಡಿನಲ್ಲಿ ಜಾಗವಿಲ್ಲ. ಕಿವಿ ಕೇಳಿಸದೆಂದು ಮೃದಂಗ ಮುಟ್ಟುವುದನ್ನೇ ಬಿಟ್ಟಿದ್ದೀರಲ್ಲ, ಒಂದು ಟುಂಬಾ ಹೊತ್ತು ತರುತ್ತೇನೆ. ಚಪ್ಪಲಿ ಬಿಟ್ಟು ಕಾಯುತ್ತಿರಿ.

ನಿಮ್ಮ ಮಗಳು