ನೀಲವ್ವ ಉಣ್ಣದ ಮದುವೆ ಊಟ

ಇಸವಿ ೨೩೨೪, ಹದಿಮೂರನೆಯ ತಿಂಗಳು, ಒಂಬತ್ತನೆಯ ದಿನ

ಗದಗಿನ ಗುರುಸಿದ್ದವ್ವನವರಿಗೆ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಹದಿಮೂರನೆಯ ತಿಂಗಳನ್ನು ನಿಮ್ಮ ನಂತರದವರು ಸೇರಿಸಿಕೊಂಡರು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಮುನ್ನೂರು ವರ್ಷಗಳಲ್ಲಿ ಮಾತು ಸವೆದಿದೆ, ಅದರ ಮೇಲೆ ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಅದೊಂದು ಮಾತ್ರ ಇನ್ನೂ ಬದಲಾಗಿಲ್ಲ! ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಇಡೀ ಬದುಕಿನಲ್ಲಿ ಒಂದೇ ಕಾಗದಕ್ಕೆ ಅನುಮತಿ. ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ. ನನ್ನ ಹೆಸರು ಮೃಣ್ಮಯಿ, ಊರು ಮೈಸೂರು. ನಿಮ್ಮ ವಂಶದ ಹನ್ನೊಂದನೆಯ ತಲೆಮಾರಿನ ನೀಲವ್ವ ನನ್ನ ಸಹಪಾಠಿ. ಅವಳು ನನ್ನೊಡನೆ ಮಾತು ಬಿಟ್ಟು ಐವತ್ತೆರಡು ದಿನಗಳಾದವು. ನನಗೆ ಮದುವೆಯಾಗಿಯೂ ಅಷ್ಟೇ ದಿನ.

ಮದುವೆಯ ಸುಖವನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎದೆ ಒಡೆದೀತು. ನನ್ನ ಗಂಡ ಇಗ್ನಾಸಿಯೊ ಚಿಲಿ ದೇಶದ ದಕ್ಷಿಣ ತುದಿಯವನು, ಮಂಜುಗಡ್ಡೆ ಅಳೆಯುವ ಕೆಲಸ; ನಾನೀಗ ಇರುವುದೂ ಅಲ್ಲೇ. ಎಷ್ಟು ಒಳ್ಳೆಯವನೆಂದರೆ, ಕನ್ನಡದಲ್ಲಿ ‘ಊಟ ಆಯ್ತಾ’ ಎಂಬುದೊಂದನ್ನು ಕಲಿತು ಹಲ್ಲುಜ್ಜುವಾಗಲೂ ಕೇಳುತ್ತಾನೆ. ಅವನ ಉಳಿದ ಮಾತೆಲ್ಲ ನನಗೆ ಕಿವಿದುಭಾಷಿಯ ಮೂಲಕ ಬರುತ್ತದೆ. ಅಕ್ಕಿಕಾಳಿನಷ್ಟಿರುವ ಯಂತ್ರ ಅದು. ಕಿವಿಯಲ್ಲಿ ಕುಳಿತು ಎಲ್ಲ ಭಾಷೆಗಳನ್ನೂ ಕನ್ನಡ ಮಾಡುತ್ತದೆ. ಆದರೆ ಎಲ್ಲರಿಗೂ ಅದು ಕೊಡುವುದು ಒಂದೇ ದನಿ. ಗಂಡ ನನ್ನನ್ನು ಮುದ್ದಿನಿಂದ ಕರೆಯುವ ದನಿಯೂ ಮೀನು ಮಾರುವವಳು ತಾಜಾ ಇದೆ ಎನ್ನುವ ದನಿಯೂ ಒಂದೇ. ಅವನು ಹಿಮಕ್ಕೆ ಹೋದಾಗ ಹತ್ತು ದಿನ ಆ ದನಿಯೂ ಇರುವುದಿಲ್ಲ. ಕಿಟಕಿಯಾಚೆ ಬಿಳಿ, ಬಿಳಿಯ ಆಚೆ ಬಿಳಿ.

ಇಂಥ ಯಂತ್ರವಿರುವಾಗ ಭಾಷೆ ಕಲಿಯುವವರು ಹುಚ್ಚರೇ ಸರಿ. ಎರಡು ವರ್ಷದ ಹಿಂದೆ ಎಸ್ಟೋನಿಯಾದ ಒಂದು ದ್ವೀಪದಲ್ಲಿ, ಅಲ್ಲಿಯ ಭಾಷೆ ಕಲಿಯಲು, ಅಂಥ ಆರು ಹುಚ್ಚರು ಸೇರಿದ್ದೆವು. ಕಿವಿದುಭಾಷಿ ತೆಗೆದಿಡಬೇಕು, ದ್ವೀಪದ ನೆಲದ ಮೇಲೆ ಎರಡು ತಿಂಗಳು ಸ್ವಂತ ಭಾಷೆ ಆಡಕೂಡದು ಎಂಬುದು ಶಾಲೆಯ ನಿಯಮ. ಮೂರನೆಯ ದಿನವೇ ನೀಲವ್ವ ಪ್ಯಾಂಟು ಮಡಚಿ, ಮೊಣಕಾಲುದ್ದ ಸಮುದ್ರಕ್ಕಿಳಿದು ಕೂಗಿದಳು: “ಬಾ ಲೇ ಮೈಸೂರು! ಸಾಲಿ ಕಾಯ್ದೆ ದಂಡಿ ತನಕ ಅಷ್ಟ. ಸಮುದ್ರಕ್ಕ ಯಾವ ಮಾಸ್ತರೂ ಇಲ್ಲ!” ಇಳಿದೆ. ಆ ನೀರಿನ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ದಿನವೂ ಸಂಜೆ ಅರ್ಧ ಗಂಟೆ ಕನ್ನಡ. ಕೊನೆಕೊನೆಗೆ ನಮ್ಮ ಮುದುಕಿ ಟೀಚರು ಬಯ್ಯುವುದನ್ನು ಬಿಟ್ಟು ಟವೆಲ್ ಹಿಡಿದು ದಡದಲ್ಲಿ ಕಾಯತೊಡಗಿದರು. ನೀಲವ್ವ ಪಾಠವನ್ನು ಒಪ್ಪಿಸುತ್ತಿದ್ದುದು ಕುರಿಗಳ ಮುಂದೆ. ಏಕೆಂದು ಕೇಳಿದರೆ, “ಕುರಿ ನೋಡು, ತಪ್ಪು ಮಾತಾಡಿದ್ರೂ ನಗಂಗಿಲ್ಲ. ನಿನಗಿಂತ ಛಲೋ,” ಎಂದಳು. ಪರೀಕ್ಷೆಯಲ್ಲಿ ಅವಳೇ ಮೊದಲು ಬಂದಳು. ನಾನು ಐದನೆಯವಳು! ಅಷ್ಟು ನಕ್ಕ ದಿನಗಳು ನನ್ನ ಬದುಕಿನಲ್ಲಿ ಬೇರೆ ಇಲ್ಲ.

ಇನ್ನು ನನ್ನ ತಪ್ಪು. ಮದುವೆ ಮೈಸೂರಿನಲ್ಲಿ. ಗದಗು ಅಲ್ಲಿಂದ ಒಂದು ಹಗಲಿನ ರೈಲು. ಹೋಗಿ, ಬಾಗಿಲಲ್ಲಿ ನಿಂತು, ಕೈಗೆ ಅಕ್ಷತೆ ಕೊಟ್ಟು ಕರೆಯಬೇಕಿತ್ತು. ಅಮ್ಮ ಹೇಳಿದರು. ನಾನು ಸೀರೆ, ಮೆಹಂದಿ ಎಂದು ಕುಣಿಯುತ್ತಿದ್ದೆ. ನನ್ನ ಬಿಂಬಾಳನ್ನು ಕಳಿಸಿದೆ. ಬಿಂಬಾಳು ಎಂದರೆ ಬೆಳಕಿನಿಂದ ಮಾಡಿದ ನಮ್ಮದೇ ರೂಪ; ಎಲ್ಲಿ ಬೇಕಾದರೂ ಹೋಗಿ ನಿಂತು ಮಾತಾಡುತ್ತದೆ. ಅದು ನೀಲವ್ವನ ಬಾಗಿಲಲ್ಲಿ ಅಕ್ಷತೆ ಚಾಚಿತು. ಅವಳು ಅಂಗೈ ಒಡ್ಡಿದಳು. ಕೈಯಲ್ಲಿ ಒಂದು ಕಾಳೂ ಬೀಳಲಿಲ್ಲ.

“ನೆಳ್ಳು ಕರದ್ರ ನೆಳ್ಳಽ ಬರತೈತಿ,” ಎಂದಳು.

ನೆರಳಿನ ಆ ಮಾತನ್ನು ತಮಾಷೆ ಎಂದುಕೊಂಡೆ. ಮದುವೆಯ ದಿನ ಬಂದದ್ದು ಅವಳ ಬಿಂಬಾಳು. ಪಂಕ್ತಿಯಲ್ಲಿ ಕುಳಿತಿತು. ನಮ್ಮ ಚಿಕ್ಕಪ್ಪ ಗೊತ್ತಾಗದೆ ಎಲೆ ಹಾಕಿ ಬಡಿಸಿದರು. “ಇನ್ನೊಂದೀಟು ಹಾಕ್ರಿ, ನೆಳ್ಳಿನ ಹೊಟ್ಟಿ ದೊಡ್ಡದ್ರಿ,” ಎನ್ನುತ್ತ ಹೋಳಿಗೆ, ಪಾಯಸ, ಚಿತ್ರಾನ್ನ ಎಲ್ಲ ಬಡಿಸಿಕೊಂಡಿತು. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಎಲ್ಲರೂ ಎದ್ದು ಕೈತೊಳೆಯಲು ಹೋದ ಮೇಲೆ ತುಂಬಿದ ಆ ಎಲೆಯೊಂದೇ ಉಳಿಯಿತು. ಅದರ ಮುಂದೆ ಯಾರೂ ಇರಲಿಲ್ಲ.

ಅವಳು ಏಕೆ ಮಾತು ಬಿಟ್ಟಳೆಂದು ಕಳೆದ ವಾರ ಅವಳ ತಾಯಿಯನ್ನು ಕೇಳಿದೆ. ಅವರು ನಿಮ್ಮ ಹೆಸರು ಹೇಳಿದರು. ನಿಮ್ಮ ತಂಗಿ ತಮ್ಮ ಮಗಳ ಮದುವೆಯ ಪತ್ರಿಕೆಯನ್ನು ಮೊಬೈಲಿನಲ್ಲಿ ಕಳಿಸಿದರಂತೆ, ಮನೆಗೆ ಬಂದು ಕರೆಯಲಿಲ್ಲವೆಂದು ನೀವು ಹೋಗಲಿಲ್ಲವಂತೆ, ತೀರಿಕೊಳ್ಳುವವರೆಗೆ ತಂಗಿಯ ಹೊಸ್ತಿಲು ತುಳಿಯಲಿಲ್ಲವಂತೆ. “ನಮ್ಮ ಮನೆತನ ಅಂದ್ರ ಹಂಗವ್ವಾ,” ಎಂದರು, ಹೆಮ್ಮೆಯಿಂದ. ಹನ್ನೊಂದು ತಲೆಮಾರು ಈ ಕತೆಯನ್ನು ತೊಟ್ಟಿಲಲ್ಲೇ ಕೇಳಿ ಬೆಳೆದಿದೆ.

ಅಜ್ಜಿ, ನಮ್ಮ ಕಾಲದಲ್ಲಿ ವಿಮಾನ ಹತ್ತಲು ಜನ್ಮಕ್ಕೆ ಎರಡೇ ಸಲ ಅವಕಾಶ. ನನ್ನದು ಒಂದು ಎಸ್ಟೋನಿಯಾಕ್ಕೆ ಆಯಿತು, ಇನ್ನೊಂದು ಗಂಡನ ಮನೆಗೆ. ಆದ್ದರಿಂದ ನಾಡಿದ್ದು ಹಾಯಿಹಡಗು ಹತ್ತುತ್ತಿದ್ದೇನೆ. ಇಗ್ನಾಸಿಯೊ ಬಂದರಿನವರೆಗೆ ಬರುತ್ತಾನೆ. ಗದಗಿಗೆ ನಲವತ್ತಾರು ದಿನ. ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ತಪ್ಪು ನನ್ನದೇ, ನಿಮ್ಮದಲ್ಲ. ಆದರೂ ಒಂದು ಬೇಡಿಕೆ. ಈ ಕಾಗದ ತಲುಪುವ ಹೊತ್ತಿಗೆ ಆ ಮದುವೆ ಮುಗಿದಿದ್ದರೂ ಚಿಂತೆಯಿಲ್ಲ. ಸೆರಗಿನಲ್ಲಿ ಒಂದಿಷ್ಟು ಮಂಡಕ್ಕಿ ಕಟ್ಟಿಕೊಂಡು ನಿಮ್ಮ ತಂಗಿಯ ಮನೆಗೆ ಹೋಗಿಬನ್ನಿ. ಚೆನ್ನಾಗಿ ಬೈಯಿರಿ, ಆಮೇಲೆ ಅವರ ಮನೆಯಲ್ಲಿ ಉಣ್ಣಿರಿ. ನೀವು ಉಂಡಿರೆಂಬ ಸುದ್ದಿ ನೀಲವ್ವನ ತನಕ ನಡೆದುಬರಲು ಮುನ್ನೂರು ವರ್ಷ ಇದೆ. ನನಗಿಂತ ಮೊದಲೇ ಅದು ಆ ಮನೆ ಸೇರಿರಲಿ.

ನಿಮ್ಮ
ಮೃಣ್ಮಯಿ